1970ರ ಶೆವೆಲ್‌ಗೆ ಟೈರು ಹಾಕಿಸಿದ್ದು

ಶೆವೆಲ್ ಅನ್ನುವ ಈ ಹಳೇ ಅಮೆರಿಕನ್ ಕಾರು ತಗೊಳ್ಳುವಾಗ ಅದರ ಟೈರುಗಳು ಹೊಸದರ ಹಾಗೇ ಇದ್ದವು. ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬು, ಪೂರ್ತಿ ಇತ್ತು. ಪಕ್ಕದ ಬಿಳಿ ಅಕ್ಷರಗಳು ಫಳಫಳ. ಮಾರುವವರೂ ಅದನ್ನೇ ದೊಡ್ಡದಾಗಿ ಹೇಳಿಕೊಂಡರು, ‘ಆ ಒಂದು ಖರ್ಚು ನಿಮಗೆ ಉಳೀತು’ ಅಂತ. ನಾನು ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ‘ಡಾಟ್’ (DOT) ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ: 1109. ಅಂದರೆ 2009ನೇ ಇಸವಿಯ 11ನೇ ವಾರ ತಯಾರಾದದ್ದು. ನಾಲ್ಕು ಟೈರಿನ ದುಡ್ಡು ಗಾಡಿಯ ರೇಟಿನಲ್ಲಿ ಕಳೆಯಿರಿ ಅಂದೆ. ಮುಖ ಸಪ್ಪಗೆ ಮಾಡಿಕೊಂಡೇ ಕಳೆದರು.

ಅಮೆರಿಕದಲ್ಲಿ ಮಾರುವ ಟೈರುಗಳ ಮೇಲೆ 2000ದಿಂದ ಈಚೆಗೆ ಈ ನಾಲ್ಕಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಕಂಡರೆ ಅದು ಹೋದ ಶತಮಾನದ ಮಾಲು, ಹತ್ತಿರ ಹೋಗಬೇಡಿ. ಹಳೇ ಗಾಡಿಗಳಲ್ಲಿ ಇದು ಮಾಮೂಲಿ. ವರ್ಷವೆಲ್ಲ ಶೆಡ್ಡಿನಲ್ಲಿರುವ ಗಾಡಿಯ ಟೈರು ಸವೆಯುವುದೇ ಇಲ್ಲ, ನಿಂತಲ್ಲೇ ಮುದಿಯಾಗುತ್ತದೆ. ರಬ್ಬರು ಗಟ್ಟಿಯಾಗುತ್ತದೆ, ಒಳಗಿನ ಪದರಗಳ ಬೆಸುಗೆ ಸಡಿಲವಾಗುತ್ತದೆ. ಆರು ವರ್ಷಕ್ಕೆ ಬದಲಾಯಿಸಿ ಅಂತ ಬಹಳಷ್ಟು ಕಾರು ಕಂಪನಿಗಳು ಹೇಳುತ್ತವೆ. ಟೈರು ಕಂಪನಿಗಳು ಕೊಡುವ ಕೊನೆಯ ಗಡುವು ಹತ್ತು ವರ್ಷ.

ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಪ್ಪ ಬಹಳ ವರ್ಷ ಲಾರಿ ಓಡಿಸಿದವರು. ವಿಡಿಯೋ ಕಾಲ್ ಮಾಡಿ ಟೈರು ತೋರಿಸಿದೆ. ‘ಬಟನ್ ನೋಡ್ಬೇಡ ಕಣೋ, ಪಕ್ಕ ನೋಡು. ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕೊ’ ಅಂದರು. ಒತ್ತಿದೆ. ಬಿಳಿ ಅಕ್ಷರಗಳ ನಡುವಿನ ಕಪ್ಪು ಜಾಗದಲ್ಲಿ ಅಲ್ಲಿವರೆಗೆ ಕಾಣದಿದ್ದ ಸಣ್ಣ ಸೀಳುಗಳು ಒಂದೊಂದಾಗಿ ಬಾಯಿಬಿಟ್ಟವು. ಬಟನ್ ಮೇಲೆ ಉಗುರು ಒತ್ತಿದರೆ ಗುರುತೇ ಮೂಡುತ್ತಿರಲಿಲ್ಲ. ‘ಅದ್ರ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಹೋಗ್ಬೇಡ’ ಅಂತ ಫೋನ್ ಇಟ್ಟರು. ಅಲ್ಲಿಗೆ ಟೈರು ಬದಲಾಯಿಸಬೇಕಾ ಬೇಡವಾ ಅನ್ನುವ ಪ್ರಶ್ನೆ ಮುಗಿಯಿತು. ಯಾವುದು ಹಾಕಿಸಬೇಕು ಅನ್ನುವುದು ಶುರುವಾಯಿತು.

ಗಾಡಿ 1970ರ ಶೆವರ್ಲೆ ಶೆವೆಲ್ ಎಸ್‌ಎಸ್. ಎಂಜಿನ್ 454 ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ 7.4 ಲೀಟರ್. ಊರಲ್ಲಿ ನಮ್ಮ ಮನೆಯಲ್ಲಿದ್ದ ಮಾರುತಿ 800ರ ಒಂಬತ್ತು ಎಂಜಿನ್ ಒಟ್ಟುಗೂಡಿಸಿದಷ್ಟು. ಆ ವರ್ಷ 454 ಎಂಜಿನ್ ಎರಡು ಥರ ಬರುತ್ತಿತ್ತು, 360 ಹೆಚ್‌ಪಿ ಮತ್ತು 450 ಹೆಚ್‌ಪಿ. ಈ ಅಂಕಿಗಳನ್ನು ಇವತ್ತಿನ ಕಾರಿನ ಜೊತೆ ಹೋಲಿಸಬಾರದು. ಆಗ ಸೈಲೆನ್ಸರು, ಆಲ್ಟರ್ನೇಟರು ಏನೂ ಇಲ್ಲದೆ ಬರೀ ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. ನನ್ನದು 360ರ ಪೈಕಿ. ಆದರೆ ಹಿಂದಿನ ಮಾಲೀಕರು ಬಲ ಹೆಚ್ಚಲಿ ಅಂತ ಎಂಜಿನ್ನಿನ ಕ್ಯಾಮ್, ಹೆಡ್ ಎಲ್ಲ ಬದಲಾಯಿಸಿದ್ದಾರೆ. ಈಗ ಹಿಂದಿನ ಚಕ್ರದಲ್ಲೇ 400ರ ಹತ್ತಿರ ಸಿಗುತ್ತದೆ. ಹೆಚ್‌ಪಿಗಿಂತ ಭಯ ಹುಟ್ಟಿಸುವುದು ಇದರ ಟಾರ್ಕು, ಅಂದರೆ ಚಕ್ರ ತಿರುಗಿಸುವ ಬಲ. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಮೂತಿ ಎತ್ತಿ ನಿಲ್ಲುತ್ತದೆ. ಅಪ್ಪ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದ್ದು, ‘ಲೀಟರಿಗೆ ಎಷ್ಟು ಕೊಡುತ್ತೆ?’ ನಾಲ್ಕು ಅಂದೆ. ಆಮೇಲೆ ಗಾಡಿ ವಿಷಯ ಎತ್ತಲೇ ಇಲ್ಲ.

ಇಂಥ ಗಾಡಿಗೆ ಆಗ ಕಂಪನಿ ಹಾಕಿಕೊಟ್ಟಿದ್ದ ಟೈರು ಎಫ್70-14. ಇವತ್ತಿನ ಅಳತೆಯಲ್ಲಿ ಸುಮಾರು 225/70 ಆರ್ 14. 225 ಅಂದರೆ ಅಗಲ, ಮಿ.ಮೀ.ನಲ್ಲಿ; 70 ಅಂದರೆ ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಅಂತ; 14 ಅಂದರೆ ರಿಮ್ಮಿನ ಇಂಚು. ಈಗಿನ ಕ್ಯಾಮ್ರಿಯ ಕೆಲವು ಮಾಡೆಲ್‌ಗಳಿಗೆ ಇದಕ್ಕಿಂತ ಅಗಲದ ಟೈರು ಬರುತ್ತದೆ! ಅದೂ ಈಗಿನ ಕಾರುಗಳಿಗೆ ಬರುವ ರೇಡಿಯಲ್ ಅಲ್ಲ. ನಮ್ಮ ಲಾರಿಯವರು ನೈಲಾನ್ ಟೈರು ಅನ್ನುತ್ತಾರಲ್ಲ, ಆ ಜಾತಿ. ಒಳಗಿನ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ, ಅದರ ಮೇಲೊಂದು ಫೈಬರ್‌ಗ್ಲಾಸ್ ಪಟ್ಟಿ. ಅಂಥವನ್ನು ಈಗಲೂ ಹಳೇ ಅಚ್ಚಿನಂತೆಯೇ ಮಾಡಿ ಮಾರುತ್ತಾರೆ. ಟೆನೆಸಿಯ ಚಾಟನೂಗಾದಲ್ಲಿ ಕೋಕರ್ ಟೈರ್ ಅನ್ನುವ ಕಂಪನಿಗೆ ಇಂಥದ್ದೇ ಕಸುಬು. ಪ್ರದರ್ಶನದಲ್ಲಿ ಜಡ್ಜುಗಳು ನಟ್ಟು ಬೋಲ್ಟು ಕೂಡ ನೋಡಿ ಅಂಕ ಕೊಡುವ ಕಡೆ ಅದು ಬೇಕು. ರಸ್ತೆಯಲ್ಲಿ ಅದನ್ನು ಓಡಿಸಿದರೆ ಗಾಡಿ ಪ್ರತಿ ಗೀರು, ಪ್ರತಿ ತಗ್ಗಿನ ಹಿಂದೆ ತಾನೇ ಹೊರಡುತ್ತದೆ. ಸ್ಟೀರಿಂಗ್ ನಮ್ಮ ಕೈಯಲ್ಲಿರುತ್ತದೆ ಅಷ್ಟೆ. ಬೆಳಿಗ್ಗೆ ಗಾಡಿ ತೆಗೆದರೆ ರಾತ್ರಿ ನಿಂತ ಜಾಗ ಚಪ್ಪಟೆಯಾಗಿ ಒಂದೆರಡು ಮೈಲಿ ದಡಬಡ ಅನ್ನುತ್ತದೆ. ಹಾಗಾಗಿ ಅದನ್ನು ಮೊದಲೇ ಬಿಟ್ಟೆ.

ನಾನಿರುವುದು ಡೆಟ್ರಾಯಿಟ್ ಉತ್ತರದ ಬಡಾವಣೆಯೊಂದರಲ್ಲಿ. ಗಾಡಿ ಹೆಚ್ಚಾಗಿ ಓಡುವುದು ವುಡ್‌ವರ್ಡ್ ಅವೆನ್ಯೂ ಮೇಲೆ. ಅಮೆರಿಕದ ಮೊದಲ ಒಂದು ಮೈಲಿ ಕಾಂಕ್ರೀಟ್ ರಸ್ತೆ 1909ರಲ್ಲಿ ಬಿದ್ದಿದ್ದು ಇದೇ ವುಡ್‌ವರ್ಡ್‌ನಲ್ಲಿ. ಅರವತ್ತರ ದಶಕದಲ್ಲಿ ಇಲ್ಲಿನ ಹುಡುಗರು ರಾತ್ರಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸ್ ಹೊಡೆಯುತ್ತಿದ್ದರು. 1995ರಿಂದ ಆಗಸ್ಟ್ ಮೂರನೇ ಶನಿವಾರ ಡ್ರೀಮ್ ಕ್ರೂಸ್ ಅಂತ ನಡೆಯುತ್ತದೆ. ಹಳೇ ಗಾಡಿಗಳ ಜಾತ್ರೆ ಅದು. ರೇಸು ಗೀಸು ಏನಿಲ್ಲ, ಮೊದಲ ಗೇರಿನಲ್ಲಿ ತೆವಳಬೇಕು, ಜನ ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಆಗಸ್ಟಿನಲ್ಲಿ ಇಲ್ಲಿ ದಿಢೀರ್ ಅಂತ ಮಳೆಯೂ ಬರುತ್ತದೆ. ಏಪ್ರಿಲ್, ಅಕ್ಟೋಬರಿನಲ್ಲಿ ಬಿಸಿಲಿದ್ದರೂ ಬೆಳಿಗ್ಗೆ ನಾಲ್ಕೈದು ಡಿಗ್ರಿ. ನನ್ನ ಟೈರು ಇದನ್ನೆಲ್ಲ ತಡೆಯಬೇಕು. ವರ್ಷಕ್ಕೊಮ್ಮೆ ಕಾಲು ಮೈಲಿ ಓಡಿಸಲು ಟ್ರ್ಯಾಕಿಗೆ ಹೋದರೂ ಹೋದೆ, ಇಲ್ಲದಿದ್ದರೂ ಇಲ್ಲ.

ಪಕ್ಕದ ಮನೆಯ ಮುದುಕರು ಕಾರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರ ನೋವಾ ಕಾರಿನ ಹಿಂದಿನ ಚಕ್ರಗಳಿಗೆ ಡ್ರ್ಯಾಗ್ ರೇಡಿಯಲ್ ಇದೆ, ಅಂದರೆ ನೇರ ಟ್ರ್ಯಾಕಿನ ರೇಸಿಗೆ ಅಂತ ಮಾಡಿದ ಮೆತ್ತನೆ ಟೈರು. ‘ಬೇರೇನೂ ನೋಡ್ಬೇಡಿ, ಇದೇ ಹಾಕಿಸಿ, ಇಲ್ಲಾಂದ್ರೆ ನಿಮ್ಮ 400 ಹೆಚ್‌ಪಿ ಬರೀ ಹೊಗೆ’ ಅಂತ ಅವರ ವಾದ. ಹಿಡಿತದ ಮಟ್ಟಿಗೆ ಅವರು ಹೇಳಿದ್ದು ನಿಜ. ಆ ರಬ್ಬರು ಎಷ್ಟು ಮೆತ್ತಗೆ ಅಂದರೆ ಬಿಸಿಯಾದ ಮೇಲೆ ಬೆರಳಿಟ್ಟರೆ ಅಂಟುತ್ತದೆ. ಟೈರಿನ ಪಕ್ಕದ ಗೋಡೆಯೂ ತೆಳು, ಗಾಡಿ ಎಗರುವಾಗ ಸುಕ್ಕುಗಟ್ಟಿ ನೆಲವನ್ನು ಕಚ್ಚಿಕೊಳ್ಳುತ್ತದೆ. ರಸ್ತೆಗೆ ಕಾನೂನು ಪ್ರಕಾರ ಇದನ್ನು ಹಾಕಬಹುದು. ಹಾಕಬಹುದು ಅಂದಮಾತ್ರಕ್ಕೆ ರಸ್ತೆಯದ್ದೇ ಟೈರು ಅಂತೇನಲ್ಲ. ನೀರು ಹೊರಹಾಕುವ ಗೀರುಗಳು ಕಮ್ಮಿ, ಇದ್ದವೂ ಆಳವಿಲ್ಲ. ಮಳೆಯಲ್ಲಿ ನೀರಿನ ಮೇಲೆ ತೇಲಿಬಿಡುತ್ತದೆ. ಏಳು ಡಿಗ್ರಿಗಿಂತ ಕೆಳಗೆ ಹೋದರೆ ರಬ್ಬರು ಗಟ್ಟಿಯಾಗಿ, ಯಾವ ಹಿಡಿತಕ್ಕೆ ಅಷ್ಟು ದುಡ್ಡು ಕೊಟ್ಟೆವೋ ಅದೇ ಮಾಯ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಎರಡು ವಿಷಯ. ಹಿಂದೆ ಮಾತ್ರ ಅಂಟುವ ಟೈರು ಹಾಕಿ ಮುಂದೆ ಮಾಮೂಲಿ ಬಿಟ್ಟರೆ ಗಾಡಿ ಹೋಗುವುದು ಚೆನ್ನಾಗಿ ಹೋಗುತ್ತದೆ, ನಿಲ್ಲುವುದು ಹಾಗೇ ಉಳಿಯುತ್ತದೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮೊದಲೇ ಈ ಗಾಡಿಯ ಮೂತಿಯಲ್ಲಿ ಬೀಡುಕಬ್ಬಿಣದ ದೊಡ್ಡ ಎಂಜಿನ್ ಕೂತಿದೆ. ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಎರಡು ಟೈರಿನದ್ದು. ಮಸಲ್ ಕಾರಿನವರು, ಅಂದರೆ ಇಂಥ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರು ಇಟ್ಟುಕೊಂಡವರು, ಟೈರು ಅಂದರೆ ಹಿಂದಿನ ಎರಡರ ಬಗ್ಗೆಯೇ ಮಾತಾಡುತ್ತಾರೆ, ನನಗೆ ಅದು ಅರ್ಥವಾಗುವುದಿಲ್ಲ. ಇನ್ನೊಂದು, ಜಾರುವುದೂ ಒಂದು ರಕ್ಷಣೆಯೇ. ಟೈರು ಜಾರಿದರೆ ರಬ್ಬರು ಸವೆಯುತ್ತದೆ. ಜಾರದೆ ಕಚ್ಚಿಕೊಂಡರೆ ಆ ಏಟೆಲ್ಲ ಆಕ್ಸಲ್ಲಿಗೆ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಬೀಳುತ್ತದೆ. ನೋವಾದವರು ಅವೆಲ್ಲ ಬಲವಾದದ್ದು ಹಾಕಿಸಿದ್ದಾರೆ. ನನ್ನದು ಐವತ್ತು ದಾಟಿದ ಒರಿಜಿನಲ್.

ಇನ್ನೊಂದು ದಾರಿ 17 ಅಥವಾ 18 ಇಂಚಿನ ರಿಮ್. ಹೇಳಿಬಿಡುತ್ತೇನೆ, ಬರೀ ಟೈರಿನ ಲೆಕ್ಕದಲ್ಲಿ ಇದೇ ಸರಿಯಾದ ಆಯ್ಕೆ. ಒಳ್ಳೇ ರಬ್ಬರು, ಒಳ್ಳೇ ಬ್ರೇಕಿಂಗ್, ಮಳೆಗೂ ಸೈ, ಇವೆಲ್ಲ ಈಗ ಸಿಗುವುದು ಆ ಸೈಜಿನಲ್ಲಿ. 15 ಇಂಚಿನಲ್ಲಿ ಒಳ್ಳೇ ಸ್ಪೋರ್ಟ್ಸ್ ಟೈರು ಇಲ್ಲವೆಂದಲ್ಲ, ಇವೆ. ಆದರೆ ಅವು ಮಿಯಾಟಾ ಥರದ ಪುಟ್ಟ ಕಾರಿನವು. ಶೆವೆಲ್‌ಗೆ ಹಾಕಿದರೆ ಗಾಡಿ ನೆಲಕ್ಕೆ ಕೂತ ಹಾಗೆ ಕಾಣುತ್ತದೆ. ತಿರುವಿನ ರಸ್ತೆಯಲ್ಲಿ ಜೋರಾಗಿ ಓಡಿಸುವ ಆಸೆ ಇರುವವರು 17ಕ್ಕೇ ಹೋಗಲಿ. ನನ್ನ ಹತ್ತಿರ ಮಾತ್ರ ಐದು ಕಡ್ಡಿಯ ಹಳೇ ಚಂದದ 15 ಇಂಚಿನ ಉಕ್ಕಿನ ರಿಮ್‌ಗಳು ಇದ್ದವು. ಅವಕ್ಕೆ ಬಿಳಿ ಅಕ್ಷರದ ದಪ್ಪ ಟೈರು ಕೂತಾಗಲೇ ಆ ಗಾಡಿ ಆ ಗಾಡಿಯಾಗುವುದು. ಅಂದಕ್ಕೆ ಸೋತೆ. ಇಂಥ ಕಾರು ಇಟ್ಟುಕೊಳ್ಳುವುದೇ ಲೆಕ್ಕಕ್ಕೆ ಸಿಗದ ವ್ಯವಹಾರ ಅಲ್ವಾ?

ಅಲ್ಲಿಗೆ ಉಳಿದದ್ದು ಬಿಳಿ ಅಕ್ಷರದ ಮಾಮೂಲಿ ರೇಡಿಯಲ್. ಬಿಎಫ್‌ಗುಡ್ರಿಚ್ ರೇಡಿಯಲ್ ಟಿಎ, ಕೂಪರ್ ಕೋಬ್ರಾ, ಹೀಗೆ ಬೆರಳೆಣಿಕೆಯಷ್ಟು. ಯಾವುದನ್ನು ಕೊಂಡೆ ಅಂತ ಬರೆದರೆ ಜಾಹೀರಾತಾಗುತ್ತದೆ, ಬಿಡಿ. ಪಕ್ಕದ ಗೋಡೆಯ ಮೇಲಿನ ಬರಹ ಓದುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ಅಮೆರಿಕದ ಟೈರಿನ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತದೆ. ಇವುಗಳ ಮೇಲೆ 400ರ ಆಸುಪಾಸು. ಕೆಲವು ಡ್ರ್ಯಾಗ್ ರೇಡಿಯಲ್ ಮೇಲೆ 00 ಅಂತಲೇ ಅಚ್ಚಾಗಿರುತ್ತದೆ. ಅಂಕಿ ದೊಡ್ಡದಾದಷ್ಟೂ ಬಾಳಿಕೆ ಜಾಸ್ತಿ, ಸಾಮಾನ್ಯವಾಗಿ ಹಿಡಿತ ಕಮ್ಮಿ. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಸುತ್ತಿನ ರಸ್ತೆಯಲ್ಲಿ 7,200 ಮೈಲಿ ಓಡಿಸಿ, ಜೊತೆಗೆ ಓಡಿದ ಒಂದು ಮಾದರಿ ಟೈರಿಗೆ ಹೋಲಿಸಿ ಇದನ್ನು ಲೆಕ್ಕ ಹಾಕುತ್ತಾರೆ. ಅಂಕಿ ಬರೆದುಕೊಳ್ಳುವುದು ಆಯಾ ಕಂಪನಿಯೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಇದು ಸರಿ, ಬೇರೆ ಬೇರೆ ಕಂಪನಿಯವು ಹೋಲಿಸಲು ಅಷ್ಟಕ್ಕಷ್ಟೆ. ಪಕ್ಕದಲ್ಲೇ ಟ್ರ್ಯಾಕ್ಷನ್ ಎ, ಬಿ ಅಂತ ಅಕ್ಷರ ಇರುತ್ತದೆ. ಓದಿದ ಕೂಡಲೇ ಎಗರುವಾಗಿನ ಹಿಡಿತ ಅನ್ನಿಸುತ್ತದೆ. ಅಲ್ಲ. ಒದ್ದೆ ರಸ್ತೆಯಲ್ಲಿ ನೇರಕ್ಕೆ ಬ್ರೇಕ್ ಹಿಡಿದಾಗ ಎಷ್ಟು ತಡೆಯುತ್ತದೆ ಅನ್ನುವುದಷ್ಟೇ ಅದು. ಒಣ ರಸ್ತೆ, ತಿರುವು ಯಾವುದರ ಬಗ್ಗೆಯೂ ಅದು ಬಾಯಿ ಬಿಡುವುದಿಲ್ಲ.

ಸೈಜಿನ ಕೊನೆಯಲ್ಲಿ 102 ಎಸ್ ಅಂತ ಇದ್ದರೆ, ಒಂದು ಟೈರು 850 ಕೆ.ಜಿ. ಹೊರುತ್ತದೆ, ಗಂಟೆಗೆ 180 ಕಿ.ಮೀ. ವರೆಗೆ ತಡೆಯುತ್ತದೆ ಅಂತ ಅರ್ಥ. ನನ್ನ ಗಾಡಿ 180 ದಾಟಬಲ್ಲದು. ಟೈರು ದಾಟುವ ಹಾಗಿಲ್ಲ. ಇಲ್ಲಿನ ಹೆದ್ದಾರಿಯ ಮಿತಿ ಬಹುತೇಕ ಕಡೆ 70 ಮೈಲಿ, ಅಂದರೆ 113 ಕಿ.ಮೀ. ಸುಮ್ನೆ ಅದರೊಳಗೇ ಇರುವುದು ವಾಸಿ.

ಸೈಜು ಗೊತ್ತುಮಾಡಲು ಒಂದು ಇಡೀ ಭಾನುವಾರ ಗಾಡಿ ಕೆಳಗೆ ಮಲಗಿದ್ದೆ. ಮುಂದಕ್ಕೆ 235/60 ಆರ್ 15, ಇದರಲ್ಲಿ ಚರ್ಚೆ ಇಲ್ಲ. ಹಿಂದಕ್ಕೆ 255 ಹಾಕುವುದೋ 275 ಹಾಕುವುದೋ ಅನ್ನುವುದೇ ತಲೆನೋವು. 275 ಹಾಕಿಸಿದರೆ ಹಿಂದಿನಿಂದ ನೋಡಲು ಎರಡು ಕಣ್ಣು ಸಾಲದು. ಆದರೆ ಮಡ್‌ಗಾರ್ಡಿನ ತುಟಿ ಒಳಕ್ಕೆ ಮಡಚಿಕೊಂಡಿರುತ್ತದೆ, ಆ ಕಡೆ ಛಾಸಿ. ಈ ಎರಡರ ನಡುವೆ ಎಷ್ಟು ಜಾಗ ಅನ್ನುವುದನ್ನು ಯಾವ ಪಟ್ಟಿಯೂ ಸರಿಯಾಗಿ ಹೇಳುವುದಿಲ್ಲ. ಐವತ್ತು ವರ್ಷದಲ್ಲಿ ಎಷ್ಟು ಸಲ ಗುದ್ದಿಸಿ ರಿಪೇರಿ ಮಾಡಿಸಿದ್ದಾರೋ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ನನ್ನ ಗಾಡಿಯಲ್ಲಿ ಬಲಗಡೆ ಒಂದು ಬೆರಳಿನಷ್ಟು ಕಮ್ಮಿ ಇತ್ತು.

ಛಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಸ್ಪ್ರಿಂಗ್‌ಗಳನ್ನು ಬಿಚ್ಚಿದೆ. ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಗಾಡಿ ಗುಂಡಿಗೆ ಬಿದ್ದಾಗ ಎಲ್ಲಿವರೆಗೆ ಏರುತ್ತದೋ ಅಲ್ಲಿವರೆಗೆ ಎತ್ತಿದೆ. ನೋವಾದವರು ತಮ್ಮ ಹಳೇ 275 ಟೈರೊಂದನ್ನು ಎಂಟು ಇಂಚಿನ ರಿಮ್ಮಿನೊಂದಿಗೆ ಕೊಟ್ಟಿದ್ದರು. ಮಗಳ ಆಟದ ಜೇಡಿಮಣ್ಣನ್ನು ಉಂಡೆ ಮಾಡಿ ತುಟಿಯ ಒಳಗೆ, ಛಾಸಿಯ ಪಕ್ಕಕ್ಕೆ ಅಂಟಿಸಿದೆ. ಚಕ್ರ ಏರಿಳಿದ ಮೇಲೆ ಉಂಡೆ ತೆಗೆದು ನೋಡಿದರೆ ಎಡಗಡೆ ಬೆರಳು ದಪ್ಪ ಉಳಿದಿತ್ತು. ಬಲಗಡೆಯದು ಅಪ್ಪಚ್ಚಿಯಾಗಿ, ಅದರ ಮೇಲೆ ಟೈರಿನ ಭುಜದ ಗೀರು ಅಚ್ಚಿನ ಹಾಗೆ ಮೂಡಿತ್ತು. ತುಟಿಯನ್ನು ಇನ್ನೂ ಮಡಚಿಸಿದರೆ ಕೂರುತ್ತದೆ ಅಂದರು ನೋವಾದವರು. ಮಡಚುವಾಗ ಬಣ್ಣ ಬಿರುಕು ಬಿಟ್ಟರೆ ಟೈರಿನ ದುಡ್ಡಿನ ಎರಡರಷ್ಟು ಪೇಂಟಿಗೆ ಬೇಕು. 255ಕ್ಕೇ ತೀರ್ಮಾನ ಮಾಡಿದೆ. ಸ್ಪೀಡೋಮೀಟರಿಗೂ ಅದೇ ಒಳ್ಳೇದಾಯಿತು. ಹಳೇ ಎಫ್70ಕ್ಕಿಂತ 255 ಸ್ವಲ್ಪವೇ ಎತ್ತರ, ಮೀಟರು 70 ತೋರಿಸುವಾಗ ಗಾಡಿ 72ರ ಹತ್ತಿರ ಇರುತ್ತದೆ. 275 ಆಗಿದ್ದರೆ 74 ಆಗುತ್ತಿತ್ತು, ಪೊಲೀಸರು ನನ್ನ ಮೀಟರು ನೋಡುವುದಿಲ್ಲವಲ್ಲ.

ಅಂಗಡಿಯಲ್ಲಿ ಆರ್ಡರ್ ಕೊಡುವಾಗಲೇ ಹೇಳಿದ್ದೆ, ಒಂದು ವರ್ಷಕ್ಕಿಂತ ಹಳೇ ಮಾಲು ಬೇಡ ಅಂತ. ಫಿಟ್ ಮಾಡುವ ಮುಂಚೆ ನಾಲ್ಕೂ ಉರುಳಿಸಿಕೊಂಡು ದಿನಾಂಕ ನೋಡಿದೆ. ಮೂರು ಸರಿಯಿದ್ದವು, ನಾಲ್ಕನೆಯದು ಮೂರು ವರ್ಷ ಹಿಂದಿನದು. ‘ಹೊಸದೇ ಸರ್, ಗೋಡೌನ್‌ನಲ್ಲಿತ್ತು ಅಷ್ಟೆ’ ಅಂದ ಕೌಂಟರಿನ ಹುಡುಗ. ಗೋಡೌನಿನಲ್ಲಿದ್ದರೂ ವಯಸ್ಸು ವಯಸ್ಸೇ. ವಾಪಸ್ ಕಳಿಸಿ ಬೇರೆ ತರಿಸಿದರು, ಅದಕ್ಕೆ ಮತ್ತೆ ಕಾಯಬೇಕಾಯಿತು. ಹೊಸ ಟೈರಿನ ಬಿಳಿ ಅಕ್ಷರಗಳ ಮೇಲೆ ನೀಲಿ ಲೇಪ ಇರುತ್ತದೆ, ಅಕ್ಷರ ಕೊಳೆಯಾಗದಿರಲಿ ಅಂತ. ಸೋಪು ನೀರು, ಮೆತ್ತನೆ ಬ್ರಷ್ ಸಾಕು. ಮಕ್ಕಳು ಅದನ್ನು ತೊಳೆಯಲು ಜಗಳ ಮಾಡಿಕೊಂಡರು. ನಟ್ಟುಗಳನ್ನು ಅಂಗಡಿಯ ನಟ್ಟು ಬಿಗಿಯುವ ಗನ್ನಿನಲ್ಲಿ ಬಿಗಿಯಲು ಬಿಡಲಿಲ್ಲ. ಟಾರ್ಕ್ ರೆಂಚಿನಲ್ಲಿ 70 ಅಡಿ-ಪೌಂಡ್ ಆಸುಪಾಸಿಗೆ ಬಿಗಿಸಿ, ಐವತ್ತು ಮೈಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿಕೊಂಡೆ.

ಅಲೈನ್‌ಮೆಂಟಿನಲ್ಲಿ ಸ್ವಲ್ಪ ವಾದವಾಯಿತು. ಕಂಪ್ಯೂಟರಿನಲ್ಲಿ 1970ರ ಶೆವೆಲ್ ಅಂತ ಒತ್ತಿದರೆ ಆಗಿನ ಕಾರ್ಖಾನೆಯ ಅಳತೆಯೇ ಬರುತ್ತದೆ. ಅದು ನೈಲಾನ್ ಟೈರಿಗೆ ಬರೆದದ್ದು, ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸೊನ್ನೆಯ ಹತ್ತಿರ. ರೇಡಿಯಲ್‌ಗೆ ಅಷ್ಟು ಸಾಲದು. ಸ್ಟೀರಿಂಗ್ ತೇಲಿದ ಹಾಗಿರುತ್ತದೆ, ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಮೂರು ಡಿಗ್ರಿ ಮೇಲೆ ಎಷ್ಟು ಸಿಕ್ಕರೆ ಅಷ್ಟು ಕ್ಯಾಸ್ಟರ್, ಅರ್ಧ ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವುದು) ಕೊಡಿ ಅಂದೆ. ‘ಸ್ಕ್ರೀನಿನಲ್ಲಿ ಕೆಂಪು ತೋರಿಸುತ್ತೆ, ಆಮೇಲೆ ಕಂಪ್ಲೇಂಟ್ ಮಾಡ್ಬಾರದು’ ಅಂತ ಮೆಕ್ಯಾನಿಕ್ ಸಹಿ ಹಾಕಿಸಿಕೊಂಡ. ಶಿಮ್ ಅನ್ನುವ ತೆಳು ತಗಡು ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಮೂರರ ಮೇಲೆ ಚೂರು ಸಿಕ್ಕಿತು. ಈ ಒಂದು ಕೆಲಸದಿಂದ ಗಾಡಿ ಬದಲಾದಷ್ಟು ಹೊಸ ಟೈರಿನಿಂದಲೂ ಬದಲಾಗಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತದೆ, ಮೊದಲು ಸ್ವಲ್ಪ ದಿನ ನಾಜೂಕಾಗಿ ಓಡಿಸಬೇಕು. ಗಾಳಿ ಎಷ್ಟು ಅನ್ನುವುದಕ್ಕೆ ಚಿಕ್ಕಪ್ಪ ಹೇಳಿಕೊಟ್ಟಿದ್ದೇ ದಾರಿ. ಬಟನ್ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಪಟ್ಟಿ ಎಳೆದು, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ನೋಡುವುದು. ಹಿಂದಿನ ಟೈರಿನಲ್ಲಿ 32 ಪೌಂಡ್ ಇಟ್ಟಾಗ ನಡುವೆ ಮಾತ್ರ ಅಳಿಸಿ, ಎರಡೂ ಅಂಚಿನಲ್ಲಿ ಸುಣ್ಣ ಹಾಗೇ ಇತ್ತು. 28ಕ್ಕೆ ಇಳಿಸಿದಾಗ ಪಟ್ಟಿ ಪೂರ್ತಿ ಅಳಿಸಿತು. ಮುಂದೆ ಎಂಜಿನ್ ಭಾರ ಇರುವುದರಿಂದ 32ರಲ್ಲೇ ಬಿಟ್ಟೆ.

ಹಿಡಿತ? ಮೊದಲ ಗೇರಿನಲ್ಲಿ ಅರ್ಧ ಆಕ್ಸಿಲರೇಟರ್ ಒತ್ತಿದರೂ ಹಿಂದಿನ ಚಕ್ರ ಗಿರ್ ಅನ್ನುತ್ತದೆ. ಆದರೆ ಜಾರುವ ಮುಂಚೆ ಹೇಳಿ ಜಾರುತ್ತದೆ. ಮೊದಲು ಸಣ್ಣಗೆ ಕುಂಯ್ ಅನ್ನುವ ಸದ್ದು, ಆಮೇಲೆ ಸೀಟಿನಡಿ ಒಂದು ಅಲುಗು, ಆಮೇಲೆ ಜಾರಾಟ. ಕಾಲು ತೆಗೆಯಲು ಸಮಯ ಸಿಗುತ್ತದೆ. ಪಕ್ಕದ ಮನೆಯವರ ನೋವಾವನ್ನೂ ಓಡಿಸಿ ನೋಡಿದ್ದೆ, ಅದು ಹಿಡಿದುಕೊಂಡೇ ಇರುತ್ತದೆ, ಬಿಟ್ಟರೆ ಒಮ್ಮೆಗೇ ಬಿಡುತ್ತದೆ. ಮಳೆಯಲ್ಲಿ ವುಡ್‌ವರ್ಡ್‌ನ ಸಿಗ್ನಲ್ಲಿನಲ್ಲಿ ನಿಂತಾಗ ಎರಡನೇ ಗೇರಿನಲ್ಲಿ, ಕಾಲು ತೂಗಿ ಹೊರಡಬೇಕು. ರಸ್ತೆಯ ಬಿಳಿ ಪಟ್ಟೆಯ ಮೇಲೆ ಚಕ್ರ ಬಿದ್ದರೆ ಇನ್ನೂ ಹುಷಾರು.

ಈಗ ನವೆಂಬರ್. ಗಾಳಿ 40 ಪೌಂಡಿಗೆ ಏರಿಸಿ, ಗಾಡಿಯನ್ನು ಶೆಡ್ಡಿಗೆ ಬಿಟ್ಟಿದ್ದೇನೆ. ಅಷ್ಟು ಗಾಳಿ ಆ ಟೈರಿಗೆ ಸರಿಹೋಗುತ್ತದಾ ಅಂತ ಪಕ್ಕದ ಗೋಡೆಯ ಮೇಲೆ ಬರೆದ ಗರಿಷ್ಠ ಅಂಕಿ ನೋಡಿಯೇ ಏರಿಸಬೇಕು. ಕೆಲವದರಲ್ಲಿ 35ಕ್ಕೇ ಮಿತಿ ಇರುತ್ತದೆ. ನೋವಾದವರು ಮಾತ್ರ ಈಗಲೂ ಬೇಲಿಯ ಆ ಕಡೆಯಿಂದ ಡ್ರ್ಯಾಗ್ ರೇಡಿಯಲ್ಲಿನ ರೇಟು ಹೇಳುವುದನ್ನು ಬಿಟ್ಟಿಲ್ಲ. ಟ್ರ್ಯಾಕಿಗೆ ಹೋಗುವ ದಿನಕ್ಕೆ ಅಂತ ಇನ್ನೊಂದು ಜೊತೆ ಹಳೇ ರಿಮ್ ಹುಡುಕುತ್ತಿರುವುದು ನಿಜ. ಆದರೆ ಅದಕ್ಕೆ ಮೊದಲು ಆಕ್ಸಲ್ ಬದಲಾಯಿಸಬೇಕು, ಆ ಖರ್ಚು ಮನೆಯಲ್ಲಿ ಇನ್ನೂ ಹೇಳಿಲ್ಲ.